ಹಿರೋಳ್ಳಿ ನಾಕಾದಿಂದ ನಾಲ್ಕು ನೀರಿನ ದಂಡೆ

ಹಿರೋಳ್ಳಿ ನಾಕಾದ ಹತ್ತಿರ ಚಹಾ ಕುಡಿಯುತ್ತ ನಿಂತಿದ್ದೆ. ದೀಪಾವಳಿ ಮುಗಿದು ನಾಲ್ಕು ದಿನ ಆಗಿತ್ತು. ಮಹಾರಾಷ್ಟ್ರದ ನಂಬರಿನ ಕಾರೊಂದು ಬಂದು ನಿಂತಿತು. ಗಂಡ, ಹೆಂಡತಿ, ಇಬ್ಬರು ಮಕ್ಕಳು. ಪುಣೆಯಿಂದ ಗಾಣಗಾಪುರಕ್ಕೆ ಹೊರಟವರು, ರಜೆ ಇನ್ನೂ ಎರಡು ದಿನ ಉಳಿದಿತ್ತಂತೆ. ಆತ ಇಳಿದು ಬಂದು ಹೋಟೆಲ್ಲಿನ ಕಟ್ಟೆಯ ಮೇಲೆ ಕೂತಿದ್ದ ಮುತ್ಯಾನನ್ನು ಮರಾಠಿ ಬೆರೆತ ಕನ್ನಡದಲ್ಲಿ ಕೇಳಿದ:

"ಕಾಕಾ, ಇಲ್ಲಿ ಹತ್ತಿರ ಎಲ್ಲಾರ ಕೆರಿ ಅದ ಏನ್ರಿ? ಹುಡುಗರು ನೀರ್ ನೋಡಬೇಕು ಅಂತಾರ."

ಮುತ್ಯಾ ನಕ್ಕ. "ನೀರ್ ನೋಡ್ಲಾಕ ಇಲ್ಲಿಗಿ ಯಾರ್ ಬರ್ತಾರ್ರಿ ಸಾಹೇಬ್ರ? ಮಳಿ ಹೋದ್ರ ನಮ್ಮ ಮಂದೀನೇ ನಿಮ್ಮ ಪುಣಾಕ್ಕ ಬರ್ತದ."

ಕಾರು ಹೋಯಿತು. ಮಾತು ಮಾತ್ರ ನನ್ನ ತಲೆಯಲ್ಲಿ ಉಳಿಯಿತು. ಮುತ್ಯಾ ಹೇಳಿದ್ದು ನಿಜ. ಆದರೆ ಅದು ಅರ್ಧ ನಿಜ. ಹಿರೋಳ್ಳಿಯಲ್ಲಿ ನಿಂತು ಪಶ್ಚಿಮಕ್ಕೆ ಒಂದು ದಿನ, ಪೂರ್ವಕ್ಕೆ ಒಂದು ದಿನ ತಿರುಗಿದರೆ ನೀರಿನ ದಂಡೆಗಳು ನಾಲ್ಕು ಸಿಗುತ್ತವೆ. ಎಂಟುನೂರು ವರ್ಷದ ಹಿಂದಿನ ಕೆರೆಯಿಂದ ಹಿಡಿದು ನಮ್ಮ ಅಪ್ಪಂದಿರ ಕಾಲದ ಅಣೆಕಟ್ಟಿನವರೆಗೆ. ಇವುಗಳಲ್ಲಿ ಒಂದನ್ನೂ ಯಾರೂ ವಿಹಾರಕ್ಕೆಂದು ಕಟ್ಟಿದ್ದಲ್ಲ. ಈ ಸೀಮೆಯಲ್ಲಿ ನೀರಿನ ಪಕ್ಕ ಕೂತು ಒಂದು ದಿನ ಆರಾಮ ಮಾಡುವುದೆಂದರೆ ಬೇರೆ ಯಾರದೋ ಬೆವರಿನ ಪಕ್ಕ ಕೂತಂತೆ. ಆ ಲೆಕ್ಕ ಗೊತ್ತಿದ್ದು ಕೂತರೆ ನೋಡುವ ನೋಟವೇ ಬೇರೆ ಆಗುತ್ತದೆ. ಪುಣೆಯ ಆ ಮಕ್ಕಳಿಗೆ ಹೇಳಲಾಗದ ಉತ್ತರವನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮೂರು ಆಳ್ವಿಕೆಯ ಮೂಲೆ

ಮೊದಲು ಹಿರೋಳ್ಳಿ ಎಲ್ಲಿದೆ ಎನ್ನುವುದು. ಕಲಬುರಗಿ ಜಿಲ್ಲೆ ಆಳಂದ ತಾಲೂಕಿನ ಗಡಿ ಊರು. ಕಲಬುರಗಿಯಿಂದ ಆಳಂದಕ್ಕೆ ಸುಮಾರು 40 ಕಿಲೋಮೀಟರ್. ಅಲ್ಲಿಂದ ಅದೇ ರಸ್ತೆ ಹಿರೋಳ್ಳಿ ದಾಟಿ, ವಾಗ್ದರಿ ಮೇಲೆ ಅಕ್ಕಲಕೋಟೆಗೆ, ಮುಂದೆ ಸೊಲ್ಲಾಪುರಕ್ಕೆ ಹೋಗುತ್ತದೆ. 2020ರ ಲಾಕ್‌ಡೌನ್ ದಿನಗಳಲ್ಲಿ ಮುಂಬೈ, ಪುಣೆಗಳಿಂದ ಊರಿಗೆ ಮರಳಿದ ನಮ್ಮ ಜಿಲ್ಲೆಯ ಕೂಲಿಕಾರರನ್ನು ನಿಲ್ಲಿಸಿ ತಪಾಸಣೆ ಮಾಡಿದ್ದು ಇದೇ ಹಿರೋಳ್ಳಿ ಚೆಕ್‌ಪೋಸ್ಟಿನಲ್ಲಿ. ಅದಕ್ಕೂ ಮೊದಲು ಈ ಊರಿನ ಹೆಸರು ಟಿವಿಯಲ್ಲಿ ಅಷ್ಟು ಸಲ ಬಂದಿದ್ದಿಲ್ಲ.

ಈಗ ಇಲ್ಲಿ ಎರಡು ರಾಜ್ಯ ಕೂಡುತ್ತವೆ. 1948ರ ಮೊದಲು ಇದೇ ದಾರಿಯಲ್ಲಿ ಮೂರು ಆಳ್ವಿಕೆ ಸಿಗುತ್ತಿದ್ದವು. ಆಳಂದದ ಕಡೆ ಹೈದರಾಬಾದ್ ನಿಜಾಮರ ರಾಜ್ಯ. ಅಕ್ಕಲಕೋಟೆ ಭೋಸಲೆ ಮನೆತನದ ಸಂಸ್ಥಾನ. ಸೊಲ್ಲಾಪುರ ಬ್ರಿಟಿಷರ ಮುಂಬೈ ಪ್ರಾಂತ್ಯ. ಒಂದೇ ಎತ್ತಿನ ಬಂಡಿ, ಒಂದೇ ದಾರಿ, ಮೂರು ಸರಕಾರ. ಆದರೆ ಮೂರೂ ಕಡೆ ಜನ ಕನ್ನಡ ಆಡುತ್ತಿದ್ದರು, ಇವತ್ತಿಗೂ ಆಡುತ್ತಾರೆ. 1956ರಲ್ಲಿ ರಾಜ್ಯಗಳ ಮರುವಿಂಗಡಣೆ ಆದಾಗ ಕಲಬುರಗಿ ಮೈಸೂರು ರಾಜ್ಯಕ್ಕೆ ಬಂತು, ಅಕ್ಕಲಕೋಟೆ, ಸೊಲ್ಲಾಪುರ ಆಚೆ ಉಳಿದವು. 1967ರಲ್ಲಿ ವರದಿ ಕೊಟ್ಟ ಮಹಾಜನ ಆಯೋಗ ಅಕ್ಕಲಕೋಟೆ ಭಾಗ ಕರ್ನಾಟಕಕ್ಕೆ ಸೇರಬೇಕು ಎಂದಿತು. ಅದು ಜಾರಿಗೆ ಬರಲಿಲ್ಲ. ಗಡಿ ಇದ್ದಲ್ಲೇ ಇದೆ, ಬೀಗತನ, ಸಂತೆ, ಜಾತ್ರೆ ಅದರ ಮೇಲೆ ದಾಟುತ್ತಲೇ ಇವೆ.

ಹಾಗಾಗಿ ಹಿರೋಳ್ಳಿಯಿಂದ ತಿರುಗಾಟದ ನಕ್ಷೆ ಹಾಕುವವರು ಜಿಲ್ಲಾಡಳಿತದ ನಕ್ಷೆ ನೋಡಿದರೆ ಅರ್ಧ ಮಾತ್ರ ಸಿಗುತ್ತದೆ. ಕಲಬುರಗಿಯ ಪ್ರವಾಸಿ ಪಟ್ಟಿಯಲ್ಲಿ ಸೊಲ್ಲಾಪುರ ಇರುವುದಿಲ್ಲ, ಸೊಲ್ಲಾಪುರದ ಪಟ್ಟಿಯಲ್ಲಿ ಆಳಂದ ಇರುವುದಿಲ್ಲ. ಜನ ಮಾತ್ರ ಎರಡನ್ನೂ ಒಂದೇ ಸುತ್ತಿನಲ್ಲಿ ಮುಗಿಸುತ್ತಾರೆ.

ಪಿಕ್‌ನಿಕ್ ಅನ್ನುವ ಮಾತಿಗೂ ಮೊದಲು

ನಮ್ಮವರಿಗೆ ವಿಹಾರ ಗೊತ್ತಿರಲಿಲ್ಲ ಎಂದೇನಲ್ಲ. ಎಳ್ಳ ಅಮವಾಸ್ಯೆ ನೆನೆಸಿಕೊಳ್ಳಿ. ಡಿಸೆಂಬರ್ ಕೊನೆಗೋ ಜನವರಿ ಮೊದಲಿಗೋ ಬರುವ ಆ ದಿನ ಊರಿನಲ್ಲಿ ಮುದುಕರೂ ಮನೆಯಲ್ಲಿ ಉಳಿಯುವುದಿಲ್ಲ. ಸಜ್ಜೆ ರೊಟ್ಟಿ, ಜೋಳದ ಕಡಬು, ಹತ್ತಾರು ಹಸಿ ಕಾಳು, ಸೊಪ್ಪು ಹಾಕಿದ ಭಜ್ಜಿ, ಶೇಂಗಾ ಹೋಳಿಗೆ, ಎಲ್ಲ ಬುತ್ತಿ ಕಟ್ಟಿಕೊಂಡು ಬಂಡಿಯಲ್ಲೋ ಟ್ರ್ಯಾಕ್ಟರಿನಲ್ಲೋ ಹೊಲಕ್ಕೆ ಹೋಗುತ್ತಾರೆ. ಬನ್ನಿ ಗಿಡದ ಬುಡಕ್ಕೆ ಪೂಜೆ, ಬೆಳೆಗೆ ಚರಗ, ಆಮೇಲೆ ಸಾಲಾಗಿ ಕೂತು ಊಟ. ಹೊಲ ಇಲ್ಲದವರನ್ನು ಹೊಲ ಇದ್ದವರು ಕರೆದೊಯ್ಯುತ್ತಾರೆ. ಸಂಕ್ರಾಂತಿಗೆ ಇದೇ ಬುತ್ತಿ ನೀರಿನ ಕಡೆ ತಿರುಗುತ್ತದೆ. ಮೈಗೆ ಎಳ್ಳು ಹಚ್ಚಿಕೊಂಡು ಭೀಮೆಯಲ್ಲೋ ಸಂಗಮದಲ್ಲೋ ಮಿಂದು ದಂಡೆಯ ಮೇಲೆ ಉಂಡು ಬರುವುದು.

ಅಂದರೆ ನಮ್ಮಲ್ಲಿ ರಜೆ ಇರಲಿಲ್ಲ, ಹಬ್ಬ ಇತ್ತು. ನೀರಿನ ಹತ್ತಿರ ಹೋಗಲಿಕ್ಕೆ ಒಂದು ದೇವರೋ ಒಂದು ತಿಥಿಯೋ ನೆಪ ಬೇಕಿತ್ತು. ಈ ಮಾತು ನೆನಪಿಟ್ಟುಕೊಂಡು ಪಶ್ಚಿಮಕ್ಕೆ ಹೊರಡೋಣ.

ಮೊದಲ ದಂಡೆ: ಸೊನ್ನಲಿಗೆಯ ಕೆರೆ

ಸೊಲ್ಲಾಪುರದ ನಡುವೆ ಸಿದ್ಧೇಶ್ವರ ಕೆರೆ ಇದೆ. ಸುತ್ತ ನೀರು, ಮಧ್ಯದಲ್ಲಿ ಗುಡಿ, ಒಂದು ಮಗ್ಗುಲಿಗೆ ಕೋಟೆಯ ಗೋಡೆ. ಸಂಜೆ ಹೊತ್ತು ದೀಪ ಹತ್ತಿದಾಗ ಚೆಂದ ಕಾಣುತ್ತದೆ. ಗುಡಿಯ ಅಂಗಳದಲ್ಲಿ ಸಿದ್ಧರಾಮರ ಸಮಾಧಿ ಇದೆ. ಚಾದರ ಕೊಳ್ಳಲಿಕ್ಕೆ, ಶೇಂಗಾ ಚಟ್ನಿ ಕಟ್ಟಿಸಿಕೊಳ್ಳಲಿಕ್ಕೆ ಸೊಲ್ಲಾಪುರಕ್ಕೆ ಹೋದ ನಮ್ಮ ಕಡೆಯವರು ಇಲ್ಲಿಗೆ ಬಂದು ಕೈಮುಗಿಯದೆ ಮರಳುವುದಿಲ್ಲ.

ಈ ಕೆರೆಯ ಕತೆ ಹನ್ನೆರಡನೇ ಶತಮಾನದ್ದು. ಸೊಲ್ಲಾಪುರದ ಹೆಸರು ಆಗ ಸೊನ್ನಲಿಗೆ. ಮುದ್ದಗೌಡ, ಸುಗ್ಗವ್ವೆ ಎಂಬ ಒಕ್ಕಲು ದಂಪತಿಗಳ ಮಗ ಸಿದ್ಧರಾಮ. ದನ ಕಾಯುವ ಹುಡುಗ ಮಲ್ಲಯ್ಯನನ್ನು ಹುಡುಕಿಕೊಂಡು ಶ್ರೀಶೈಲಕ್ಕೆ ಹೋದ. ಮರಳಿ ಬಂದು ಊರ ಸುತ್ತ 68 ಲಿಂಗಗಳನ್ನು ಸ್ಥಾಪಿಸಿದ, ಕೆರೆ ಅಗೆಸಿದ, ಗುಡಿ ಕಟ್ಟಿಸಿದ, ಅನ್ನ ಛತ್ರ ನಡೆಸಿದ. ಈ ಕತೆಯನ್ನು ರಾಘವಾಂಕ ಹದಿಮೂರನೇ ಶತಮಾನದಲ್ಲಿ 'ಸಿದ್ಧರಾಮ ಚಾರಿತ್ರ'ವಾಗಿ ಬರೆದ. ಆತನ ವಚನಗಳ ಅಂಕಿತದಲ್ಲಿ ಇರುವುದೂ ಅದೇ ಶ್ರೀಶೈಲದ ಮಲ್ಲಿಕಾರ್ಜುನ.

ನನಗೆ ಈ ಕೆರೆಯ ದಂಡೆಯಲ್ಲಿ ಕೂತಾಗಲೆಲ್ಲ ನೆನಪಾಗುವುದು ಶೂನ್ಯಸಂಪಾದನೆಯಲ್ಲಿ ಬರುವ ಒಂದು ಪ್ರಸಂಗ. ಕೆರೆ ಅಗೆತ ನಡೆದಿದೆ. ಸಾವಿರಾರು ಜನ ಮಣ್ಣು ಹೊರುತ್ತಿದ್ದಾರೆ. ಅಲ್ಲಿಗೆ ಅಲ್ಲಮಪ್ರಭು ಬರುತ್ತಾನೆ. ಎಲ್ಲಿದ್ದಾನೆ ಆ ಒಡ್ಡ ಎಂದು ಸಿದ್ಧರಾಮನನ್ನು ಕೇಳುತ್ತಾನೆ. ಒಡ್ಡ ಎಂದರೆ ಮಣ್ಣು ಅಗೆಯುವವ, ಕಲ್ಲು ಒಡೆಯುವವ. ತಮ್ಮ ಗುರುವನ್ನು ಹಾಗೆ ಕರೆದದ್ದು ಕೇಳಿ ಕೆರೆ ಅಗೆಯುವವರಿಗೆ ಸಿಟ್ಟು ಬರುತ್ತದೆ, ಕಲ್ಲು ತೂರುತ್ತಾರೆ. ಆಮೇಲೆ ಸಿದ್ಧರಾಮ ಬರುತ್ತಾನೆ, ಇಬ್ಬರ ನಡುವೆ ದೊಡ್ಡ ವಾದ ಆಗುತ್ತದೆ. ಕೆರೆ ಕಟ್ಟಿದರೆ, ಗುಡಿ ಕಟ್ಟಿದರೆ ಪುಣ್ಯ ಬಂತು ಎಂದು ಕೂತರೆ ಸಾಕೇ, ಒಳಗಿನ ಕೆಲಸ ಯಾವಾಗ ಎನ್ನುವುದು ಅಲ್ಲಮನ ತಕರಾರು. ಕೊನೆಗೆ ಸಿದ್ಧರಾಮ ಅವನ ಜೊತೆ ಕಲ್ಯಾಣಕ್ಕೆ ಹೊರಡುತ್ತಾನೆ.

ಕೆರೆ ಯಾಕೆ, ಯಾರಿಗೆ ಎನ್ನುವ ಪ್ರಶ್ನೆ ನೀರು ತುಂಬುವ ಮೊದಲೇ ಅದರ ದಂಡೆಯ ಮೇಲೆ ಎದ್ದಿತ್ತು ಎನ್ನುವುದು ಈ ಕತೆಯ ಒಂದು ಮುಖ. ಇನ್ನೊಂದು ಮುಖ ಇವತ್ತಿನದು. ಕರ್ನಾಟಕದ ಭೋವಿ ಸಮುದಾಯ, ಅಂದರೆ ತಲೆತಲಾಂತರದಿಂದ ಮಣ್ಣು ಅಗೆದು ಕಲ್ಲು ಒಡೆದ ಜನ, ಸಿದ್ಧರಾಮೇಶ್ವರನನ್ನು ತಮ್ಮ ಗುರು ಎನ್ನುತ್ತಾರೆ. ಪ್ರತಿ ಸಂಕ್ರಾಂತಿಯ ಹೊತ್ತಿಗೆ ರಾಜ್ಯದಲ್ಲಿ ಸಿದ್ಧರಾಮೇಶ್ವರ ಜಯಂತಿ ನಡೆಯುತ್ತದೆ. ಯಾವ ಮಾತು ಕೇಳಿ ಅಂದು ಕಲ್ಲು ತೂರಿದರೋ ಆ ಮಾತನ್ನೇ ಎದೆಗೆ ಹಚ್ಚಿಕೊಂಡ ಜನ ಇವರು. ಕೆರೆ ಅಗೆದವರ ಹೆಸರು ಯಾವ ಶಾಸನದಲ್ಲೂ ಸಿಗುವುದು ಅಪರೂಪ. ಇಲ್ಲಿ ಮಾತ್ರ ಅಗೆಸಿದವನನ್ನೇ ಅಗೆಯುವವರು ತಮ್ಮವನನ್ನಾಗಿ ಮಾಡಿಕೊಂಡಿದ್ದಾರೆ.

ನೋಡಲು ಒಳ್ಳೆಯ ಕಾಲ ಜನವರಿ ನಡುವಿನ ಗಡ್ಡಾ ಜಾತ್ರೆ. ಕುಂಬಾರರ ಹುಡುಗಿಯೊಬ್ಬಳು ಸಿದ್ಧರಾಮನನ್ನೇ ಮದುವೆಯಾಗಬೇಕು ಎಂದಳಂತೆ. ಆತ ಒಪ್ಪದೆ ತನ್ನ ಯೋಗದಂಡದ ಜೊತೆ ಲಗ್ನ ಆಗಲು ಹೇಳಿದನಂತೆ. ಅದರ ನೆನಪಿಗೆ ಏಳು ಎತ್ತರದ ನಂದಿಧ್ವಜಗಳನ್ನು ಹೊತ್ತು 68 ಲಿಂಗಗಳಿಗೆ ಸುತ್ತು ಬರುತ್ತಾರೆ. ಮರುದಿನ ಸಮ್ಮತಿ ಕಟ್ಟೆಯ ಹತ್ತಿರ ಅಕ್ಷತೆ. ನೆರೆದ ಜನರ ಬಾಯಲ್ಲಿ ಮರಾಠಿ, ಕನ್ನಡ, ತೆಲುಗು ಮೂರೂ ಕೇಳುತ್ತವೆ. ಆಳಂದ, ಅಫಜಲಪುರ ಕಡೆಯ ಹಳ್ಳಿಗಳ ಜನ ಇದಕ್ಕೆ ಹೋಗುವುದನ್ನು ಹೊರ ರಾಜ್ಯಕ್ಕೆ ಹೋದೆವು ಎಂದು ಹೇಳುವುದೇ ಇಲ್ಲ. 'ಜಾತ್ರಿಗಿ ಹೋಗಿದ್ದೆವು' ಅಷ್ಟೇ.

ಕೆರೆಯ ಮಗ್ಗುಲಿನ ಕೋಟೆಗೂ ಒಂದು ತಾಸು ಇಡಿ. ಬಹಮನಿ ಕಾಲದ ಭೂಕೋಟೆ. ಸಿದ್ಧರಾಮನ ಕೆರೆ ಒಂದು ಬದಿಯಲ್ಲಿ ಇದಕ್ಕೆ ಕಂದಕದ ಕೆಲಸ ಮಾಡಿತು. ದನಕ್ಕೂ ಜನಕ್ಕೂ ಎಂದು ಅಗೆದ ನೀರು ಸೈನ್ಯ ತಡೆಯುವ ನೀರಾಯಿತು. ಅಹಮದ್‌ನಗರ ಮತ್ತು ಬಿಜಾಪುರದ ಸುಲ್ತಾನರು ಈ ಕೋಟೆಗಾಗಿ ಎಷ್ಟೋ ಸಲ ಬಡಿದಾಡಿದರು. 1565ರ ತಾಳಿಕೋಟೆ ಯುದ್ಧದ ಮೊದಲು ಇಬ್ಬರೂ ಒಂದಾದಾಗ ಚಾಂದಬೀಬಿಯ ಮದುವೆಗೆ ಬಳುವಳಿಯಾಗಿ ಇದು ಬಿಜಾಪುರದ ಅಲಿ ಆದಿಲ್ ಶಾಹನಿಗೆ ಹೋಯಿತು. 1818ರ ಮೇ ತಿಂಗಳಲ್ಲಿ ಥಾಮಸ್ ಮನ್ರೋನ ಸೈನ್ಯ ಪೇಶ್ವೆಯ ಕಡೆಯವರಿಂದ ಇದನ್ನು ಗೆದ್ದಿತು. ಅಲ್ಲಿಂದ ಮುಂದಿನ ಕತೆ ಎರಡನೇ ದಂಡೆಯದು.

ಎರಡನೇ ದಂಡೆ: ಹಿಪ್ಪರಗಾ ಕೆರೆ

ಸೊಲ್ಲಾಪುರದಿಂದ ಏಳೆಂಟು ಕಿಲೋಮೀಟರ್ ಈಶಾನ್ಯಕ್ಕೆ ಹೋದರೆ ಹಿಪ್ಪರಗಾ ಕೆರೆ. ಕಾಗದ ಪತ್ರದಲ್ಲಿ ಏಕರೂಖ ಕೆರೆ. ಆದಿಲಾ ಎಂಬ ಸಣ್ಣ ನದಿಗೆ ಬ್ರಿಟಿಷರು ಹಾಕಿದ ಮಣ್ಣಿನ ಒಡ್ಡು ಎರಡು ಕಿಲೋಮೀಟರಿಗೂ ಉದ್ದ ಇದೆ. 1871ರಲ್ಲಿ ಮುಗಿಯಿತು. ಮುಂಬೈ ಪ್ರಾಂತ್ಯದಲ್ಲಿ ಆ ಕಾಲಕ್ಕೆ ಇದು ಅತಿ ದೊಡ್ಡ ಕೆರೆಗಳಲ್ಲಿ ಒಂದು. ಚಳಿಗಾಲದಲ್ಲಿ ಒಡ್ಡಿನ ಮೇಲೆ ಬೆಳಿಗ್ಗೆ ನಡೆದರೆ ವಲಸೆ ಹಕ್ಕಿಗಳು ಕಾಣುತ್ತವೆ. ಮಕ್ಕಳ ಜೊತೆ ಹೋಗುವವರಿಗೆ ಸಿದ್ಧೇಶ್ವರ ಕೆರೆಗಿಂತ ಇದು ಹೆಚ್ಚು ಹಿಡಿಸಬಹುದು, ಗದ್ದಲ ಕಡಿಮೆ.

ಇದು ಲೆಕ್ಕದ ಕೆರೆ. ಇಷ್ಟು ಖರ್ಚು, ಇಷ್ಟು ಎಕರೆ ನೀರಾವರಿ, ಇಷ್ಟು ಕಂದಾಯ ಎಂದು ಎಂಜಿನಿಯರುಗಳು ಕಾಗದದ ಮೇಲೆ ಕೂಡಿಸಿ ಕಳೆದು ಕಟ್ಟಿದ್ದು. ಆ ಲೆಕ್ಕ ತಪ್ಪಿದ್ದು ಬೇಗ. ಕೆರೆ ಮುಗಿದು ಐದೇ ವರ್ಷಕ್ಕೆ 1876–78ರ ಮಹಾ ಬರಗಾಲ ಬಂತು. ಸೊಲ್ಲಾಪುರ, ಬಿಜಾಪುರ, ನಿಜಾಮರ ಸೀಮೆಯ ಕಲಬುರಗಿ, ಎಲ್ಲ ಕಡೆ ಮಳೆ ಕೈಕೊಟ್ಟಿತು. ಒಂದು ಕೆರೆಯಿಂದ ಒಂದು ಸೀಮೆ ಉಳಿಯುವುದಿಲ್ಲ ಎಂದು ತಿಳಿಯಿತು. ಮುಂಬೈ ಪ್ರಾಂತ್ಯದಲ್ಲಿ ಹಸಿದ ಜನರನ್ನು ಪರಿಹಾರದ ಕೆಲಸಕ್ಕೆ ಹಚ್ಚಿದರು. ರಸ್ತೆ ಹಾಕಿಸಿದರು, ಕೆರೆ ಅಗೆಸಿದರು. ಕೂಲಿ ಹೊಟ್ಟೆಗೆ ಸಾಲದಷ್ಟು.

ಅದೇ ಕಾಲಕ್ಕೆ, 1877ರಲ್ಲಿ, ಸೊಲ್ಲಾಪುರದಲ್ಲಿ ಮೊದಲ ಬಟ್ಟೆ ಗಿರಣಿ ಶುರುವಾಯಿತು. ಹಳ್ಳಿಯಲ್ಲಿ ನೀರಿಲ್ಲದೆ ಎದ್ದ ಜನ ಗಿರಣಿಯ ಬಾಗಿಲಿಗೆ ಬಂದರು. ನಮ್ಮ ಕಡೆ ಇವತ್ತಿಗೂ ಹಳೆಯ ಮನೆಗಳಲ್ಲಿ ಕೇಳಿ ನೋಡಿ, ಒಬ್ಬ ಮುತ್ಯಾನಾದರೂ ಸೊಲ್ಲಾಪುರದ ಗಿರಣಿಯಲ್ಲಿ ದುಡಿದಿರುತ್ತಾನೆ. ಹಿರೋಳ್ಳಿಯ ರಸ್ತೆ ಪ್ರವಾಸಿಗರ ರಸ್ತೆ ಆಗುವುದಕ್ಕಿಂತ ಬಹಳ ಮೊದಲು ಗುಳೆ ಹೋಗುವವರ ರಸ್ತೆ ಆಗಿತ್ತು.

ಎಪ್ಪತ್ತೆರಡರ ಬರದ ಮಾತು ನಮ್ಮ ಆಯಿ ಹೇಳುತ್ತಿದ್ದಳು. "ಬುಟ್ಟಿ ಹೊತ್ತು ಹೊತ್ತು ನೆತ್ತಿ ಮ್ಯಾಲ ಕೂದಲಾ ಹೋಗಿದ್ದುವು" ಎನ್ನುತ್ತಿದ್ದಳು. ಸರಕಾರದ ಖಡಿ ಒಡೆಯುವ ಕೆಲಸ, ಒಡ್ಡು ಹಾಕುವ ಕೆಲಸ. ಗಡಿ ಆಚೆ ಮಹಾರಾಷ್ಟ್ರದಲ್ಲಿ ಕೆಲಸದವರಿಗೆ ಸುಕಡಿ ಎಂಬ ಹಿಟ್ಟು ಕೊಡುತ್ತಿದ್ದರು, ಅದರ ರುಚಿ ನೆನಪಿರುವವರು ಈಗಲೂ ಇದ್ದಾರೆ. ಆ ಬರದ ಅನುಭವದಿಂದಲೇ ಮಹಾರಾಷ್ಟ್ರ ಉದ್ಯೋಗ ಖಾತ್ರಿ ಕಾನೂನು ಮಾಡಿತು. 2005ರಲ್ಲಿ ದೇಶಕ್ಕೆಲ್ಲ ಬಂದ ಕಾನೂನಿಗೆ ಅದೇ ಮೊದಲ ಮಾದರಿ. ಹಳ್ಳಿಯಲ್ಲಿ ಕೆರೆ ಹೂಳೆತ್ತುವಾಗ ಕೂಲಿಯವರ ಹೆಸರು ಹಾಜರಿ ಪಟ್ಟಿಯಲ್ಲಿ ಬರುತ್ತಿದ್ದರೆ, ಅದರ ಬೇರು ಈ ಬರಗಾಲದ ಒಡ್ಡುಗಳಲ್ಲಿ ಇದೆ.

ಇಲ್ಲಿಗೆ ಪಶ್ಚಿಮದ ದಿನ ಮುಗಿಯುತ್ತದೆ. ಮರಳುವ ದಾರಿಯಲ್ಲಿ ಅಕ್ಕಲಕೋಟೆ. 1856ರಲ್ಲಿ ಬಂದು 1878ರವರೆಗೆ ಇಲ್ಲೇ ಇದ್ದ ಸ್ವಾಮಿ ಸಮರ್ಥರ ವಟವೃಕ್ಷ ಮಂದಿರ, ಸಂಸ್ಥಾನದ ಅರಮನೆಯ ಶಸ್ತ್ರಾಗಾರ ಎರಡನ್ನೂ ನೋಡಬಹುದು. ಗುರುವಾರ ಮಾತ್ರ ಬೇಡ, ಸಾಲು ರಸ್ತೆಗೆ ಬಂದಿರುತ್ತದೆ.

ಮೂರನೇ ದಂಡೆ: ಅಮರ್ಜಾ

ಎರಡನೇ ದಿನ ಪೂರ್ವಕ್ಕೆ. ಮೊದಲು ಆಳಂದ. ಶಾಸನಗಳಲ್ಲಿ ಇದು ಆಳಂದೆ, ಆಳಂದೆ ಸಾವಿರ ಎಂಬ ನಾಡಿನ ಮುಖ್ಯ ಊರು. ಏಕಾಂತದ ರಾಮಯ್ಯ ಹುಟ್ಟಿದ್ದು ಇಲ್ಲಿ. ಆತನ ಕತೆ ಕಲ್ಲಿನ ಮೇಲೆ ಸಿಗುವುದು ಮಾತ್ರ ದೂರದ ಹಾವೇರಿ ಜಿಲ್ಲೆಯ ಅಬ್ಬಲೂರಿನಲ್ಲಿ. ಊರಲ್ಲಿ ಲಾಡ್ಲೆ ಮಶಾಯಕರ ದರ್ಗಾ ಇದೆ, ಅದೇ ಆವರಣದಲ್ಲಿ ರಾಘವ ಚೈತನ್ಯರ ಸ್ಥಾನವೂ ಇದೆ. ಸಂತ ತುಕಾರಾಮರ ಗುರುಪರಂಪರೆಯಲ್ಲಿ ಬರುವ ಹೆಸರು ಅದು.

ಆಳಂದ ತಾಲೂಕಿನ ಕೊರಳ್ಳಿ ಹತ್ತಿರ ಅಮರ್ಜಾ ನದಿಗೆ ಕಟ್ಟಿದ ಅಣೆಕಟ್ಟು ಇದೆ. ಗಂಡೋರಿ ನಾಲಾ, ಕೆಳದಂಡೆ ಮುಲ್ಲಾಮಾರಿಗಳ ಹಾಗೆ ಇದೂ ನಮ್ಮ ಜಿಲ್ಲೆಯ ಒಂದು ಮಧ್ಯಮ ನೀರಾವರಿ ಯೋಜನೆ. ಮಳೆಗಾಲ ಚೆನ್ನಾಗಿ ಆದ ವರ್ಷ ಅಕ್ಟೋಬರ್‌ನಲ್ಲಿ ಬಂದು ನೋಡಿ. ಕಪ್ಪು ಎರೆ ಹೊಲಗಳ ನಡುವೆ, ಎತ್ತ ನೋಡಿದರೂ ತೊಗರಿ ಹೂಬಿಟ್ಟಿರುವಾಗ, ಅಷ್ಟು ಅಗಲ ನೀರು ಒಮ್ಮೆಲೇ ಕಾಣುವುದು ಕಣ್ಣಿಗೆ ಹಬ್ಬ. ಜಿಲ್ಲೆಯ ಬೇರೆ ಊರುಗಳಿಂದ ಯುವಕರು ಬೈಕಿನ ಮೇಲೆ ಬಂದು ಫೋಟೋ ತೆಗೆದುಕೊಂಡು ಹೋಗುತ್ತಾರೆ. ಸ್ನಾನಕ್ಕೆ ಇಳಿಯುವ ಸಾಹಸ ಬೇಡ. ಜಲಾಶಯದ ತಳ ಕೆರೆಯ ಮೆಟ್ಟಿಲಿನ ಹಾಗೆ ಇರುವುದಿಲ್ಲ, ಎರೆ ಮಣ್ಣು ಕಾಲು ಹಿಡಿಯುತ್ತದೆ.

ಈ ನದಿಯ ಹುಟ್ಟಿನ ಕತೆ ಗುರುಚರಿತ್ರೆಯಲ್ಲಿ ಇದೆ. ದೇವತೆಗಳಿಗಾಗಿ ತಂದ ಅಮೃತದ ಒಂದು ಪಾಲು ನೆಲಕ್ಕೆ ಬಿದ್ದು ನದಿಯಾಯಿತು, ಅದಕ್ಕೇ ಅಮರಜಾ ಎಂದು. ಅಮೃತದಿಂದ ಹುಟ್ಟಿದ ನದಿ ಬೇಸಿಗೆಯಲ್ಲಿ ಬರೀ ಮರಳು, ಕಲ್ಲು. ಕತೆ ಕಟ್ಟಿದವರಿಗೆ ಇದು ಗೊತ್ತಿತ್ತು ಅನಿಸುತ್ತದೆ. ನೀರು ಯಾವಾಗಲೂ ಇರುವ ಸೀಮೆಯಲ್ಲಿ ಯಾರೂ ಅದನ್ನು ಅಮೃತ ಎನ್ನುವುದಿಲ್ಲ.

ಅಮರ್ಜಾ ಹೋಗಿ ಭೀಮೆಯನ್ನು ಕೂಡುವುದು ಅಫಜಲಪುರ ತಾಲೂಕಿನ ಗಾಣಗಾಪುರದಲ್ಲಿ. ಹದಿನೈದನೇ ಶತಮಾನದಲ್ಲಿ ನರಸಿಂಹ ಸರಸ್ವತಿಗಳು ನೆಲೆಸಿದ ಊರು. ಅವರ ಪಾದುಕೆಗಳಿಗೆ ಇಲ್ಲಿ ಪೂಜೆ. ಕತೆಯ ಪ್ರಕಾರ ಬೀದರಿನ ಬಾದಶಹನೂ ಇಲ್ಲಿಗೆ ಬಂದು ಹುಣ್ಣು ವಾಸಿ ಮಾಡಿಸಿಕೊಂಡಿದ್ದ. ಪದ್ಧತಿ ಹೀಗಿದೆ: ಬೆಳಿಗ್ಗೆ ಸಂಗಮದಲ್ಲಿ ಸ್ನಾನ, ಔದುಂಬರ ಗಿಡಕ್ಕೆ ಪ್ರದಕ್ಷಿಣೆ, ಮಧ್ಯಾಹ್ನ ಐದು ಮನೆಗಳಲ್ಲಿ ಮಾಧುಕರಿ, ಅಂದರೆ ಭಿಕ್ಷೆ. ಕಾರಿನಲ್ಲಿ ಬಂದ ಸಾಹುಕಾರನೂ ಜೋಳಿಗೆ ಹಿಡಿದು ನಿಲ್ಲುತ್ತಾನೆ. ಬರದ ಸೀಮೆಯ ತೀರ್ಥಯಾತ್ರೆಯಲ್ಲಿ ಬೇಡಿ ತಿನ್ನುವುದೇ ಒಂದು ವ್ರತ ಆಗಿರುವುದು ನನಗೆ ಆಕಸ್ಮಿಕ ಅನಿಸುವುದಿಲ್ಲ.

ಸಂಗಮದಲ್ಲಿ ನೀರು ಎಷ್ಟಿರುತ್ತದೆ ಎನ್ನುವುದು ಈಗ ದೇವರ ಕೈಯಲ್ಲಿ ಮಾತ್ರ ಇಲ್ಲ. ಅಮರ್ಜಾಕ್ಕೆ ಮೇಲೆ ಅಣೆಕಟ್ಟು. ಭೀಮೆಗೆ ಮಹಾರಾಷ್ಟ್ರದಲ್ಲಿ 1980ರಲ್ಲಿ ಮುಗಿದ ಉಜನಿ ಅಣೆಕಟ್ಟು, ನಮ್ಮ ಕಡೆ ಸೊನ್ನ ಬ್ಯಾರೇಜ್. 2020ರ ಅಕ್ಟೋಬರ್‌ನಲ್ಲಿ ಮೇಲಿನಿಂದ ಬಿಟ್ಟ ನೀರಿಗೆ ಅಫಜಲಪುರ, ಜೇವರ್ಗಿ ತಾಲೂಕಿನ ದಂಡೆಯ ಊರುಗಳು ಮುಳುಗಿದವು. ಬೇಸಿಗೆ ಬಂದರೆ ಇದೇ ಊರುಗಳಲ್ಲಿ 'ಭೀಮೆಗೆ ನೀರು ಬಿಡಿಸಿ' ಎಂಬ ಹೋರಾಟ ಶುರುವಾಗುತ್ತದೆ. ಸಂಗಮಕ್ಕೆ ಬಂದ ಯಾತ್ರಿಕ ಮೊಣಕಾಲು ನೀರಿನಲ್ಲಿ ಮುಳುಗು ಹಾಕಿ ಹೋಗುತ್ತಾನೆ. ದಂಡೆಯ ರೈತ ಮಾತ್ರ ಗೇಟಿನ ಸುದ್ದಿಗೆ ಕಿವಿ ಕೊಟ್ಟು ಕೂತಿರುತ್ತಾನೆ.

ನಾಲ್ಕನೇ ದಂಡೆ: ಅಪ್ಪನ ಕೆರೆ

ಕೊನೆಗೆ ಕಲಬುರಗಿ. ಹೊರಗಿನಿಂದ ಬಂದವರು ಕೋಟೆ ನೋಡುತ್ತಾರೆ, ಅದರೊಳಗೆ 1367ರಲ್ಲಿ ಕಟ್ಟಿದ, ಅಂಗಳವೇ ಇಲ್ಲದೆ ಪೂರ್ತಿ ಗುಮ್ಮಟಗಳಿಂದ ಮುಚ್ಚಿದ ಜಾಮಿ ಮಸೀದಿ ನೋಡುತ್ತಾರೆ, ಬಂದೇನವಾಜರ ದರ್ಗಾಕ್ಕೆ ಹೋಗುತ್ತಾರೆ. ಎಲ್ಲ ನೋಡಬೇಕಾದದ್ದೇ. ನಾನು ಕರೆದೊಯ್ಯುವುದು ಶರಣಬಸವೇಶ್ವರರ ಗುಡಿ, ಅದರ ಮಗ್ಗುಲಿನ ಕೆರೆಗೆ. ಜನರ ಬಾಯಲ್ಲಿ ಅಪ್ಪನ ಕೆರೆ.

ಶರಣಬಸವೇಶ್ವರರು ಜೇವರ್ಗಿ ತಾಲೂಕಿನ ಅರಳಗುಂಡಗಿಯವರು. 1746ರಿಂದ 1822ರವರೆಗೆ ಬದುಕಿದ್ದರು. ಒಕ್ಕಲುತನ ಮಾಡಿದವರು. ಬೆಳೆದದ್ದನ್ನು ಹಸಿದವರಿಗೆ ಇಟ್ಟ ದಾಸೋಹದ ಕತೆಗಳು ಇಡೀ ಸೀಮೆಯಲ್ಲಿ ಇವೆ. ತಮ್ಮ ಹೊಲದ ಕಾಳು ತಿನ್ನಲು ಬಂದ ಹಕ್ಕಿಗಳನ್ನು ಓಡಿಸದೆ, ಅವುಗಳಿಗೆ ಕುಡಿಯಲು ನೀರಿಟ್ಟರು ಎನ್ನುವ ಕತೆ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಹೋಳಿ ಹುಣ್ಣಿಮೆ ಆದ ಐದನೇ ದಿನ ಇಲ್ಲಿ ತೇರು. ಆವತ್ತು ಹಳ್ಳಿ ಹಳ್ಳಿಗಳಿಂದ ಬುತ್ತಿ ಕಟ್ಟಿಕೊಂಡು ಬಂದವರು ಗುಡಿಯ ಸುತ್ತ ಬಿಡಾರ ಹೂಡುತ್ತಾರೆ.

ಈ ಕೆರೆಯ ದಂಡೆಗೆ ಈಗ ಉದ್ಯಾನ ಇದೆ, ನಡೆಯಲು ದಾರಿ ಇದೆ. ಬೆಳಿಗ್ಗೆ ವಾಕಿಂಗ್ ಬರುವವರು, ಸಂಜೆ ಗಿರ್ಮಿಟ್ಟು, ಭಜಿ ತಿನ್ನುವವರು, ಪರೀಕ್ಷೆಗೆ ಓದುವ ಹುಡುಗರು, ಎಲ್ಲ ಸಿಗುತ್ತಾರೆ. ಕಲಬುರಗಿಯ ಬಿಸಿಲಿನಲ್ಲಿ ಗಾಳಿ ಬರುವ ಒಂದು ಜಾಗ ಇದು. ಆದರೆ ಊರು ಬೆಳೆದಂತೆ ಸುತ್ತಲಿನ ಚರಂಡಿ ನೀರು ಕೆರೆಗೆ ಸೇರಿದ್ದು, ಅಂತರಗಂಗೆ ಹಬ್ಬಿದ್ದು, ಮೀನು ಸತ್ತು ತೇಲಿದ್ದು ಪದೇ ಪದೇ ಸುದ್ದಿ ಆಗಿದೆ. ಸೊಲ್ಲಾಪುರದ ಸಿದ್ಧೇಶ್ವರ ಕೆರೆಗೂ ಇದೇ ಜಡ್ಡು. ಎರಡು ರಾಜ್ಯ, ಎರಡು ಮಹಾನಗರ ಪಾಲಿಕೆ, ಒಂದೇ ವಾಸನೆ.

ಇಲ್ಲಿಯೇ ನನ್ನ ತಕರಾರು ಇರುವುದು. ಕೆರೆ ಅಭಿವೃದ್ಧಿ ಎಂದರೆ ನಮ್ಮಲ್ಲಿ ಮೊದಲು ಬರುವುದು ರೇಲಿಂಗ್, ಬಣ್ಣದ ದೀಪ, ಕಾರಂಜಿ, ಸೆಲ್ಫಿ ನಿಲ್ಲುವ ಕಟ್ಟೆ, ಸಾಧ್ಯವಾದರೆ ಎರಡು ದೋಣಿ. ಇವೆಲ್ಲ ಬೇಡ ಎನ್ನುವುದಿಲ್ಲ. ಮಕ್ಕಳಿಗೆ ದೋಣಿ ಬೇಕು, ದೊಡ್ಡವರಿಗೆ ಕೂರಲು ಕಟ್ಟೆ ಬೇಕು. ಆದರೆ ಇವೆಲ್ಲ ದಂಡೆಯ ಕೆಲಸಗಳು. ನೀರಿನ ಕೆಲಸ ಬೇರೆ ಇದೆ. ಮಳೆ ನೀರು ಬರುವ ದಾರಿ ತೆರೆದಿಡುವುದು, ಚರಂಡಿಯ ದಾರಿ ಬೇರೆ ಮಾಡುವುದು, ಹೂಳು ತೆಗೆಯುವುದು. ಇದು ಫೋಟೋದಲ್ಲಿ ಕಾಣುವುದಿಲ್ಲ, ಉದ್ಘಾಟನೆಗೆ ರಿಬ್ಬನ್ ಕಟ್ಟಲು ಬರುವುದಿಲ್ಲ. ಮಣ್ಣು ಹೊರುವವರ ಕೆಲಸ ಅದು. ಎಂಟು ಶತಮಾನ ಆದರೂ ಆ ಕೆಲಸಕ್ಕೆ ಮರ್ಯಾದೆ ಕಡಿಮೆಯೇ. ಒಡ್ಡ ಎಂಬ ಮಾತು ಬೈಗುಳವೋ ಬಿರುದೋ ಎನ್ನುವ ಪ್ರಶ್ನೆ ಸೊನ್ನಲಿಗೆಯಲ್ಲಿ ಮುಗಿದಿಲ್ಲ.

ಹೋಗುವವರಿಗೆ ನಾಲ್ಕು ಮಾತು

ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಮಾರ್ಚ್ ದಾಟಿದರೆ ಬಿಸಿಲು ನಲವತ್ತು ಡಿಗ್ರಿ ಮೇಲೆ ಹೋಗುತ್ತದೆ, ಕೆರೆಗಳೂ ಸೊರಗಿರುತ್ತವೆ. ಪಶ್ಚಿಮದ ದಿನ ನಸುಕಿನಲ್ಲಿ ಹೊರಟು ಮೊದಲು ಹಿಪ್ಪರಗಾ, ಆಮೇಲೆ ಕೋಟೆ, ಇಳಿಹೊತ್ತಿಗೆ ಸಿದ್ಧೇಶ್ವರ ಕೆರೆ, ಮರಳುವಾಗ ಅಕ್ಕಲಕೋಟೆ ಮಾಡಿ. ಪೂರ್ವದ ದಿನ ಬೆಳಿಗ್ಗೆ ಆಳಂದ, ಕೊರಳ್ಳಿ ನೋಡಿ, ಮಧ್ಯಾಹ್ನದ ಮಾಧುಕರಿಗೆ ಗಾಣಗಾಪುರ ಸೇರಿ, ಸಂಜೆಗೆ ಕಲಬುರಗಿ. ಹುಣ್ಣಿಮೆ, ಗುರುವಾರ ಗಾಣಗಾಪುರದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ರೈಲಿನಲ್ಲಿ ಬರುವವರಿಗೆ ಅಕ್ಕಲಕೋಟ ರೋಡ್, ಗಾಣಗಾಪುರ ರೋಡ್ ಎಂಬ ನಿಲ್ದಾಣಗಳಿವೆ, ಎರಡೂ ಊರಿನಿಂದ ದೂರ ಇರುವುದರಿಂದಲೇ ಆ ಹೆಸರು. ಮರಳುವಾಗ 2019ರಲ್ಲಿ ಭೌಗೋಳಿಕ ಗುರುತು ಪಡೆದ ಕಲಬುರಗಿ ತೊಗರಿ ಬೇಳೆ ಕಟ್ಟಿಸಿಕೊಳ್ಳಿ. ಪ್ಲಾಸ್ಟಿಕ್ ನೀರಿಗೆ ಎಸೆಯಬೇಡಿ ಎಂದು ನಿಮಗೆ ಹೇಳಬೇಕಾಗಿಲ್ಲ.

ಮೊನ್ನೆ ಮತ್ತೆ ಹಿರೋಳ್ಳಿಗೆ ಹೋದಾಗ ಅದೇ ಮುತ್ಯಾ ಕಟ್ಟೆಯ ಮೇಲೆ ಇದ್ದ. ಪುಣೆಯ ಕಾರಿನವರ ಮಾತು ತೆಗೆದು, ನಾಲ್ಕು ದಂಡೆಗಳ ಪಟ್ಟಿ ಹೇಳಿದೆ. ಎಲ್ಲ ಕೇಳಿಸಿಕೊಂಡ. ಕೊರಳ್ಳಿ ಅಂದಾಗ ಮಾತ್ರ ತಡೆದ.

"ಆ ಅಣೆಕಟ್ಟ ಕಟ್ಟೋ ಮುಂದ ನಾನೂ ಮಣ್ಣ ಹೊತ್ತೀನಿ, ತಮ್ಮಾ," ಅಂದ. "ನೀರ್ ತುಂಬಿದ ಮ್ಯಾಲ ಒಮ್ಮಿ ನೋಡ್ಲಾಕ ಹೋಗಬೇಕಂದ್ರ ಹೋಗಾದೇ ಆಗಿಲ್ಲ."

ಬರುವ ಎಳ್ಳ ಅಮವಾಸ್ಯೆ ಆದ ಮರುದಿನ ಕರೆದುಕೊಂಡು ಹೋಗುತ್ತೇನೆ ಎಂದಿದ್ದೇನೆ. ಬುತ್ತಿ ತಾನೇ ತರುತ್ತೇನೆ ಅಂದಿದ್ದಾನೆ.